ಬಲಕ್ಕೆ ತಿರುಗಬೇಕಿದ್ದ ಅಂಕಿಗಳು

ಮೊನ್ನೆ ನನ್ನ ಫೋನು ಚಾರ್ಜ್ ಸ್ವೀಕರಿಸುವುದಿಲ್ಲವೆಂದು ಹಟ ಹಿಡಿಯಿತು. ಅದರ ಉಪವಾಸ ಸತ್ಯಾಗ್ರಹವನ್ನು ಕೊನೆಗಾಣಿಸಲು ಖರಾಡಿಯ ಹೆದ್ದಾರಿ ಬದಿಯ ರಿಪೇರಿ ಅಂಗಡಿಗೆ ಹೋದೆ. ಒಂದು ಬಿರಿಯಾನಿ ಹೋಟೆಲಿಗೂ ಒಂದು ಹಲ್ಲಿನ ದವಾಖಾನೆಗೂ ನಡುವೆ ಉಸಿರು ಬಿಗಿಹಿಡಿದು ನಿಂತಿರುವ ಅಂಗಡಿ ಅದು. ಯಜಮಾನ ಫೋನಿನ ಬೆನ್ನು ಬಿಚ್ಚಿ, ಕಾದ ಕಡ್ಡಿಯ ತುದಿಯನ್ನು ಬೆಸುಗೆಯ ತಂತಿಗೆ ಮುಟ್ಟಿಸಿದ. ನೂಲಿನೆಳೆಯಂಥ ಹೊಗೆಯೊಂದು ಎದ್ದಿತು. “ಮ್ಯಾಡಮ್, ಜರಾ ಲಾಂಬ್ ರಾಹಾ,” ಸ್ವಲ್ಪ ದೂರ ನಿಲ್ಲಿ, ಎಂದ ಆತ. ನಾನು ಇನ್ನಷ್ಟು ಹತ್ತಿರಕ್ಕೆ ಬಾಗಿ, ಕಣ್ಣು ಮುಚ್ಚಿ, ಆ ಹೊಗೆಯನ್ನು ಎದೆಯ ತುಂಬ ಎಳೆದುಕೊಂಡೆ. ಕಣ್ಣು ತೆರೆದಾಗ ಆತ ನನ್ನ ಫೋನನ್ನು ಬಿಟ್ಟು ನನ್ನನ್ನೇ ರಿಪೇರಿ ಮಾಡಬೇಕೇನೋ ಎಂಬಂತೆ ನೋಡುತ್ತಿದ್ದ.

ಬೇರೆಯವರಿಗೆ ಮಲ್ಲಿಗೆಯೋ ಹುರಿದ ಕಾಫಿಬೀಜವೋ ನೆನಪಿನ ಬಾಗಿಲು ತೆರೆಯುತ್ತದೆಯಂತೆ. ನನ್ನ ಪಾಲಿಗೆ ಒದಗಿದ್ದು ಬೆಸುಗೆಯಲ್ಲಿ ಸುಟ್ಟ ರಾಳದ ವಾಸನೆ. ಅದು ಮೂಗಿಗೆ ಬಡಿದರೆ ಸಾಕು, ತಗಡಿನ ಮಾಡಿನ ಒಂದು ಪ್ರಯೋಗಶಾಲೆ, ಚೌಕುಳಿ ಹಾಳೆಯ ಒಂದು ವಹಿ, ಮೊನೆ ಮಾಡಿ ಮಾಡಿ ಹೆಬ್ಬೆರಳಿನಷ್ಟಾದ ಒಂದು ಪೆನ್ಸಿಲು, ಇವಿಷ್ಟೂ ಕಣ್ಣೆದುರು ಬಂದು ನಿಲ್ಲುತ್ತವೆ. ಜೊತೆಗೆ ಒಂದಿಷ್ಟು ನಾಚಿಕೆಯೂ ಬರುತ್ತದೆ. ಅದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಏಕೆಂದರೆ ಇತರರ ನಾಚಿಕೆಗೇಡುಗಳ ಬಗ್ಗೆ ಬರೆಯುವುದೇ ನನ್ನ ಹವ್ಯಾಸ.

ಐದು ವರ್ಷಗಳ ಹಿಂದೆ ತುಮಕೂರಿನಿಂದ ಮರಾಠಿ ಮಾತಾಡುವ ಈ ಊರಿಗೆ ಬಂದಿಳಿದಾಗ ನನ್ನ ಬಳಿ ಇದ್ದದ್ದು ಎರಡು ಸೂಟ್‌ಕೇಸು, ಒಂದು ಎಂ.ಟೆಕ್. ಪದವಿ ಮತ್ತು ಅಪಾರವಾದ ನೈತಿಕ ಕೋಪ. ಮೂರನೆಯದನ್ನು ನಾನು ಗಳಿಸಿದ್ದು ವಿಶ್ವವಿದ್ಯಾಲಯದ ಹಾಸ್ಟೆಲಿನಲ್ಲಿ. ಅಲ್ಲಿನ ನೀರಿನ ತೊಟ್ಟಿ ಶುಚಿಯಾಗಿದೆಯೆಂದು ಪ್ರಮಾಣಪತ್ರ ಬಂದ ವಾರವೇ ಅದರೊಳಗೆ ಒಂದು ಪಾರಿವಾಳ ಸಿಕ್ಕಿತ್ತು; ಅದರ ಸ್ಥಿತಿಯನ್ನು ನೋಡಿದರೆ ಪ್ರಮಾಣಪತ್ರಕ್ಕಿಂತ ಬಹಳ ಮೊದಲೇ ಅದು ಅಲ್ಲಿ ನೆಲೆಸಿತ್ತೆಂಬುದು ಸ್ಪಷ್ಟವಾಗಿತ್ತು. ಸಹಿ ಮಾಡಿದವರು ಯಾರೆಂದು ಕೇಳಿದೆವು. “ಸಮಿತಿ” ಎಂಬ ಉತ್ತರ ಬಂತು. ಸಮಿತಿಯೆಂಬ ಪ್ರಾಣಿಗೆ ಸಹಿ ಹಾಕಲು ಕೈಗಳುಂಟು, ತೋರಿಸಲು ಮುಖವಿಲ್ಲ. ಅಂದಿನಿಂದ ನಾನು ‘ಉತ್ತರ ಕೊಡಿ’ ಎಂಬ ಹೆಸರಿನ ಗೋಡೆಪತ್ರಿಕೆಯನ್ನು ಹೊರಡಿಸತೊಡಗಿದೆ. ಪ್ರತಿ ಸೋಮವಾರವೂ ಯಾರಾದರೊಬ್ಬರು ಉತ್ತರ ಕೊಡಬೇಕಾಗಿತ್ತು. ಯಾರೂ ಕೊಡಲಿಲ್ಲ. ಆದರೂ ಪ್ರಶ್ನೆ ಕೇಳುವವರ ಕಡೆಗೇ ಸತ್ಯ ಇರುತ್ತದೆಂಬ ನಂಬಿಕೆ ನನ್ನಲ್ಲಿ ಗಟ್ಟಿಯಾಯಿತು. ಪ್ರಶ್ನೆ ನಮ್ಮ ಕಡೆಗೇ ತಿರುಗಬಹುದೆಂಬ ಸಾಧ್ಯತೆಯನ್ನು ಆ ಪಠ್ಯಕ್ರಮದಲ್ಲಿ ಸೇರಿಸಿರಲಿಲ್ಲ.

ನನಗೆ ಕೆಲಸ ಸಿಕ್ಕಿದ್ದು ಖರಾಡಿಯ ಗಾಜಿನ ಗೋಪುರಗಳ ಹಿಂದೆ ಅವಿತುಕೊಂಡಿದ್ದ ಒಂದು ಚಿಕ್ಕ ಕಾರ್ಖಾನೆಯಲ್ಲಿ. ಯುದ್ಧವಿಮಾನದ ರೆಕ್ಕೆಯ ಕೆಳಗೆ ಕೂರುವ ಒಂದು ಪೆಟ್ಟಿಗೆಯನ್ನು ಅಲ್ಲಿ ತಯಾರಿಸುತ್ತಿದ್ದೆವು. ಅದರ ಬಗ್ಗೆ ಹೆಚ್ಚು ಹೇಳುವಂತಿಲ್ಲ; ಇಲ್ಲಿ ಹೇಳುವಷ್ಟು ಯಾವ ಪಠ್ಯಪುಸ್ತಕದಲ್ಲಾದರೂ ಸಿಗುತ್ತದೆ. ವಿಮಾನದಿಂದ ಆಜ್ಞೆ ಬಂದರೆ, ರೆಕ್ಕೆಗೆ ತೂಗುಹಾಕಿದ ಭಾರವನ್ನು ಆ ಪೆಟ್ಟಿಗೆ ಬಿಟ್ಟುಕೊಡಬೇಕು. ಆಜ್ಞೆ ಬರದಿದ್ದರೆ ಬಿಡಬಾರದು. ಕೇಳಲು ಇಷ್ಟೇ. ಒಂದು ಬಾಗಿಲಿಗೆ ಚಿಲಕ ಹಾಕಿ ತೆಗೆಯುವಷ್ಟು ಸರಳ, ಆದರೆ ಚಿಲಕದ ಆಚೆಗೆ ಇರುವುದು ಊರು.

ಆ ಪೆಟ್ಟಿಗೆಯ ಪರೀಕ್ಷಕರು ಗುರುಪಾದಪ್ಪನವರು. ವಿಜಯಪುರ ಜಿಲ್ಲೆಯವರು. ವಾಯುಪಡೆಯಲ್ಲಿ ಮೂವತ್ತು ಚಿಲ್ಲರೆ ವರ್ಷ ವಿಮಾನಗಳ ಹೊಟ್ಟೆಯ ಕೆಳಗೆ ಅಂಗಾತ ಮಲಗಿ ದುಡಿದು, ವಾರಂಟ್ ಆಫೀಸರ್ ಆಗಿ ನಿವೃತ್ತರಾಗಿ, ವರ್ಷಕ್ಕೊಮ್ಮೆ ನವೀಕರಿಸುವ ಕರಾರಿನ ಮೇಲೆ ನಮ್ಮಲ್ಲಿಗೆ ಬಂದಿದ್ದರು. ಇಡೀ ಕಾರ್ಖಾನೆ ಅವರನ್ನು ‘ವಾರಂಟ್ ಸಾಹೇಬ್ರು’ ಎನ್ನುತ್ತಿತ್ತು. ನಾನು ಸೇರಿದ ಮೊದಲ ದಿನ ಅವರು ಕೇಳಿದರು:

“ಯಾವೂರವಾ ನಿಂದು?”

“ತುಮಕೂರು ಸರ್.”

“ಇರಲಿ ಬಿಡು. ಅಲ್ಲಿನೂ ಕನ್ನಡ ಮಾತಾಡ್ತಾರಂತ ಕೇಳೇನಿ.”

ಲೋಹಗಾಂವ್ ವಾಯುನೆಲೆಯ ಕಡೆಯಿಂದ ಯುದ್ಧವಿಮಾನಗಳು ಎದ್ದಾಗ ನಮ್ಮ ತಗಡಿನ ಮಾಡು ಗಡಗಡ ನಡುಗುತ್ತಿತ್ತು. ಉಳಿದವರು ಗಂಟಲು ಹರಿಯುವಂತೆ ಕಿರುಚುತ್ತ ಮಾತು ಮುಂದುವರಿಸುತ್ತಿದ್ದರು. ಸಾಹೇಬರು ಮಾತ್ರ ತಟ್ಟನೆ ಬಾಯಿ ಮುಚ್ಚಿ, ಸದ್ದು ಪೂರ್ತಿ ಅಡಗುವವರೆಗೆ ಕಾದು, ಅರ್ಧಕ್ಕೆ ನಿಲ್ಲಿಸಿದ್ದ ವಾಕ್ಯವನ್ನು ಮೊದಲಿನಿಂದ ಹೇಳುತ್ತಿದ್ದರು. ಗದ್ದಲದಲ್ಲಿ ಹೇಳಿದ ಮಾತು ಹೇಳಿದ್ದಲ್ಲ ಎಂಬುದು ಅವರ ಸಿದ್ಧಾಂತ. ಹೇಳಿದ್ದನ್ನು ಎದುರಿನವರಿಂದ ತಿರುಗಿ ಹೇಳಿಸದೆ ಬಿಡುತ್ತಿರಲಿಲ್ಲ. ಚಹಾ ತರುವವರೂ ಇದಕ್ಕೆ ಹೊರತಲ್ಲ, ಹೆಂಡತಿಯೂ ಹೊರತಲ್ಲ. ಅವರ ಫೋನಿನಲ್ಲಿ ಆಚೆ ಬದಿಯ ದನಿ ಇಡೀ ಕೋಣೆಗೆ ಕೇಳಿಸುತ್ತಿದ್ದುದರಿಂದ ಈ ದಾಂಪತ್ಯದ ವ್ಯವಹಾರ ನಮಗೆಲ್ಲ ಬಾಯಿಪಾಠವಾಗಿತ್ತು.

“ಸಂಜಿಗೆ ಮೆಂತ್ಯಪಲ್ಲೆ ತರ್ತೀನಿ. ಏನು ತರ್ತೀನಿ ಹೇಳು?”

“ಮೆಂತ್ಯಪಲ್ಲೆ ಅಂದು ರಾಜಗಿರಿ ತರ್ತೀರಿ! ನೀವು ಹೇಳೂದು ಬರೋಬ್ಬರಿ ಅದ, ನಾ ಕೇಳೂದೂ ಬರೋಬ್ಬರಿ ಅದ, ತರೂದ ತಪ್ಪಾಗೇದ!”

ಸಾಹೇಬರು ಫೋನಿಟ್ಟು, “ನೋಡು, ಇದಕ್ಕ ಯಾವ ಕೋಡೂ ಇಲ್ಲ,” ಎಂದು ನಿಟ್ಟುಸಿರಿಡುತ್ತಿದ್ದರು.

ಕೋಡು ಎಂದರಲ್ಲ ಸಾಹೇಬರು, ತಪ್ಪು ಹಿಡಿಯುವ ಆ ಕೋಡನ್ನೊಂದಿಷ್ಟು ವಿವರಿಸಬೇಕು. ಓದುಗರು ಸಹನೆಯಿಂದ ನನ್ನೊಡನೆ ನಾಲ್ಕು ಹೆಜ್ಜೆ ಹಾಕಿದರೆ ಸಾಕು. ಯುದ್ಧವಿಮಾನದ ಒಳಗೆ ಹತ್ತಾರು ಯಂತ್ರಗಳಿರುತ್ತವೆ. ಅವೆಲ್ಲ ಮಾತಾಡಿಕೊಳ್ಳುವುದು ಒಂದೇ ಜೋಡಿ ತಂತಿಯ ಮೇಲೆ. ಆ ತಂತಿಗೆ ಡೇಟಾ ಬಸ್ ಎಂದು ಹೆಸರು. ಒಂದು ಯಂತ್ರ ಯಜಮಾನ. ಅದು ಕೇಳಿದಾಗ ಮಾತ್ರ ಉಳಿದವು ಬಾಯಿ ಬಿಡಬೇಕು. ನಮ್ಮ ಶಾಸನಸಭೆಗಳಿಗಿಂತ ಶಿಸ್ತಿನ ವ್ಯವಸ್ಥೆ. ಮಾತೆಂದರೆ ಸೊನ್ನೆ ಮತ್ತು ಒಂದುಗಳು. ಹದಿನಾರು ಅಂಕಿ ಸೇರಿದರೆ ಒಂದು ಪದ. ಆದರೆ ವಿಮಾನದ ಹೊಟ್ಟೆಯೊಳಗೆ ಎಂಜಿನ್ನು, ರೇಡಾರು, ಮಿಂಚು ಎಲ್ಲವೂ ಸೇರಿ ಗದ್ದಲವೆಬ್ಬಿಸುತ್ತವೆ. ಆ ಗದ್ದಲದಲ್ಲಿ ದಾರಿ ಮಧ್ಯೆ ಒಂದು ಸೊನ್ನೆ ಒಂದಾಗಿಬಿಡಬಹುದು. ‘ಬಿಡಬೇಡ’ ಎಂದದ್ದು ‘ಬಿಡು’ ಎಂದು ತಲುಪಬಹುದು.

ಅದಕ್ಕೆಂದು ಪ್ರತಿ ಪದದ ಬಾಲಕ್ಕೂ ಒಂದು ಕಾವಲಿನ ಅಂಕಿ ಇರುತ್ತದೆ. ಅದನ್ನೂ ಸೇರಿಸಿ ಎಣಿಸಿದರೆ ‘ಒಂದು’ಗಳ ಸಂಖ್ಯೆ ಬೆಸವಾಗಿರಬೇಕು. ಒಂದು ಅಂಕಿ ಕೆಟ್ಟರೆ ಬೆಸ ಹೋಗಿ ಸಮವಾಗುತ್ತದೆ, ಕಾವಲು ಕೂಗಿಕೊಳ್ಳುತ್ತದೆ. ಆದರೆ ಎರಡು ಅಂಕಿ ಒಟ್ಟಿಗೆ ಕೆಟ್ಟರೆ? ಮತ್ತೆ ಬೆಸ. ಕಾವಲು ನೆಮ್ಮದಿಯಾಗಿ ತೂಕಡಿಸುತ್ತದೆ. “ಗುಡಿ ಮುಂದ ಚಪ್ಲಿ ಕಾಯಾಂವ ಇರ್ತಾನಲ್ಲ, ಅವನಂಗ,” ಎಂದಿದ್ದರು ಸಾಹೇಬರು. “ಒಂದ ಚಪ್ಲಿ ಹೋದ್ರ ‘ಕಳ್ಳ ಕಳ್ಳ’ ಅಂತ ಒದರ್ತಾನ. ಜೋಡು ಹೋದ್ರ, ಯಾರೋ ಹಾಕ್ಕೊಂಡು ಮನಿಗೆ ಹೋದ್ರು ಅಂತಾನ.”

ಹವಾಮಾನದ ಸುದ್ದಿಗೆ ಈ ಕಾವಲು ಸಾಕಾದೀತು. ರೆಕ್ಕೆಯ ಕೆಳಗಿನ ಭಾರವನ್ನು ಬಿಡುವ ಆಜ್ಞೆಗೆ ಸಾಲದು. ಆದ್ದರಿಂದ ಅಂಥ ಆಜ್ಞೆಯ ಕೊನೆಯಲ್ಲಿ ಇಡೀ ಸಂದೇಶಕ್ಕೆ ಸಾಕ್ಷಿ ಹೇಳುವ ಒಂದು ಪದವನ್ನು ಸೇರಿಸುತ್ತಾರೆ. ಅದರ ಲೆಕ್ಕ ಬಹಳ ಚೆಲುವಾದುದು. ಮೊದಲ ಪದ ನಿಂತಲ್ಲೇ ನಿಲ್ಲಬೇಕು. ಎರಡನೆಯ ಪದದ ಅಂಕಿಗಳು ಬಲಕ್ಕೆ ಒಂದು ಮನೆ ಸರಿಯಬೇಕು. ಬಲತುದಿಯಿಂದ ಹೊರಬಿದ್ದ ಅಂಕಿ ಸುತ್ತಿಬಂದು ಎಡತುದಿಯಲ್ಲಿ ನಿಲ್ಲಬೇಕು. ಮೂರನೆಯದು ಎರಡು ಮನೆ, ನಾಲ್ಕನೆಯದು ಮೂರು ಮನೆ, ಹೀಗೆ ಎಲ್ಲವೂ ಒಂದೊಂದು ಹೆಜ್ಜೆ ಹೆಚ್ಚಿನ ಪ್ರದಕ್ಷಿಣೆ ಹಾಕಬೇಕು. ಆಮೇಲೆ ಕೈಯಲ್ಲಿ ಏನನ್ನೂ ಉಳಿಸಿಕೊಳ್ಳದೆ ಕೂಡಬೇಕು. ಕೊನೆಯಲ್ಲಿ ಬರೀ ಸೊನ್ನೆ ಬಂದರೆ ಸಂದೇಶ ಶುದ್ಧ. ಪೆಟ್ಟಿಗೆ ಆಜ್ಞೆಯನ್ನು ಪಾಲಿಸಬಹುದು. ಸೊನ್ನೆ ಬಾರದಿದ್ದರೆ ಪೆಟ್ಟಿಗೆ ಕೈಕಟ್ಟಿ ಕೂರಬೇಕು.

ನಮ್ಮಲ್ಲಿ ಇದಕ್ಕೆ ಎರಡು ಬದಿಗಳಿದ್ದವು. ವಿಮಾನದಂತೆ ನಟಿಸಿ ಆಜ್ಞೆ ಕಳಿಸುವ ಬದಿಯ ತಂತ್ರಾಂಶವನ್ನು ನಾನು ಬರೆಯಬೇಕು. ಕೇಳಿಸಿಕೊಳ್ಳುವ ಪೆಟ್ಟಿಗೆಯ ಬದಿಯನ್ನು ನನ್ನ ಪಕ್ಕದ ಮೇಜಿನ ಪ್ರಾಜಕ್ತಾ ಬರೆಯಬೇಕು. ಸಾಹೇಬರ ನಿಯಮವೆಂದರೆ, ಇಬ್ಬರೂ ನಿಯಮಗ್ರಂಥವನ್ನು ಬೇರೆ ಬೇರೆ ಓದಬೇಕು, ಬೇರೆ ಬೇರೆ ಬರೆಯಬೇಕು, ಒಬ್ಬರದನ್ನೊಬ್ಬರು ನೋಡಕೂಡದು. ಕೊನೆಗೆ ಒಂದು ಫಾರಂ. ಅದರಲ್ಲಿ ಇಬ್ಬರೂ ಸಹಿ ಹಾಕಿ, ತಾವು ಸ್ವತಂತ್ರವಾಗಿ ಬರೆದುದಾಗಿ ಘೋಷಿಸಬೇಕು. ಇದು ನನ್ನ ಪದವಿಗೆ ಮಾಡಿದ ಅವಮಾನವೆಂದೇ ನನಗೆ ತೋರಿತು.

“ಒಂದೇ ಕೆಲಸಾನ ಇಬ್ಬರು ಯಾಕ್ ಸರ್ ಮಾಡ್ಬೇಕು? ನನ್ನ ಮೇಲೆ ನಂಬಿಕೆ ಇಲ್ವಾ?”

ಸಾಹೇಬರು ಬೆಸುಗೆಯ ಕಡ್ಡಿಯನ್ನು ಅದರ ಗೂಡಿನಲ್ಲಿಟ್ಟು, ಕೈ ಒರೆಸಿಕೊಂಡರು.

“ಒಮ್ಮೆ ಒಂದು ವಿಮಾನ ಮ್ಯಾಲ ಬಿಡಬೇಕಾದ್ದು ಬಿಡಲಿಲ್ಲ. ಪೈಲಟ್ ಗುಂಡಿ ಒತ್ತೇ ಒತ್ತಿದ. ಅದು ಜೋತುಬಿದ್ದಂಗ ವಿಮಾನ ಹಂಗ ಇಳೀತು. ನಾವು ನೆಲದ ಮ್ಯಾಗ ಬೋರಲ ಬಿದ್ದು, ಮಣ್ಣು ಕಚ್ಚಿಕೊಂಡಿದ್ವಿ. ಏನೂ ಆಗಲಿಲ್ಲ, ದೇವರು ದೊಡ್ಡಾಂವ. ಆದ್ರ ತಂಗಿ, ಮಣ್ಣಿನ ರುಚಿ ಇನ್ನೂ ಬಾಯಾಗ ಅದ. ನಂಬಿಗಿ ಬ್ಯಾರೆ, ಲೆಕ್ಕ ಬ್ಯಾರೆ.”

ಯಾವ ಊರು, ಯಾವ ವಿಮಾನ ಎಂದು ಅವರು ಹೇಳಲಿಲ್ಲ. ನಾನೂ ಕೇಳಲಿಲ್ಲ. ಕೇಳದೇ ಉಳಿದ ಪ್ರಶ್ನೆ ನನ್ನ ಜೀವನದಲ್ಲಿ ಬಹುಶಃ ಅದೊಂದೇ.

ಇನ್ನು ಅಪರಾಧದ ವಿಷಯ. ಪ್ರಾಜಕ್ತಾಳ ಅಕ್ಕನ ಮದುವೆ ಶಿರೂರಿನಲ್ಲಿ ನಿಶ್ಚಯವಾಗಿತ್ತು. ಅವಳು ಹತ್ತು ದಿನಗಳಿಂದ ಸೀರೆ, ಬಳೆ, ಬ್ಯಾಂಡು, ಕುದುರೆ ಎಂದು ಓಡಾಡುತ್ತ, ಕಂಪ್ಯೂಟರಿನ ಮುಂದೆ ಕುಳಿತಾಗ ಅಳುವ ಮುಖ ಮಾಡುತ್ತಿದ್ದಳು. ನನಗೆ ಕರುಣೆ ಉಕ್ಕಿತು. ಕರುಣೆಯ ಜೊತೆ ಸ್ವಲ್ಪ ಗರ್ವವೂ ಉಕ್ಕಿತೆಂದು ಈಗ ಒಪ್ಪಿಕೊಳ್ಳುತ್ತೇನೆ. ನಾನು ಬರೆದ ಲೆಕ್ಕ ಹನ್ನೆರಡೇ ಸಾಲಿನದು, ನೋಡಲು ಮುತ್ತಿನ ಸರದಂತಿತ್ತು. ಅದನ್ನು ಅವಳಿಗೆ ಕಳಿಸಿದೆ. ಅವಳು ಹೆಸರುಗಳನ್ನಷ್ಟೇ ಬದಲಿಸಿ ಪೆಟ್ಟಿಗೆಯ ಬದಿಗೆ ಅಂಟಿಸಿಕೊಂಡಳು. “ಅಗಂ, ಝಾಲಂ ನಾ!” ಲೇ, ಆಯಿತಲ್ಲ, ಎಂದು ನನ್ನನ್ನು ಅಪ್ಪಿಕೊಂಡಳು. ಫಾರಮ್ಮಿನ ಎರಡು ಮನೆಗಳಲ್ಲಿ ಎರಡು ಸಹಿಗಳು ಬಿದ್ದವು. ಉಳಿದ ಸಮಯದಲ್ಲಿ ನಾವಿಬ್ಬರೂ ಶಿರೂರಿಗೆ ಹೋಗಿ ಮದುವೆಯುಂಡೆವು. ಅಲ್ಲಿನ ಜಿಲೇಬಿ ಮತ್ತು ಮಸಾಲೆಯ ಮಜ್ಜಿಗೆಯ ವಿಷಯದಲ್ಲಿ ಮಾತ್ರ ನನಗೆ ಇಂದಿಗೂ ಪಶ್ಚಾತ್ತಾಪವಿಲ್ಲ.

ಆ ಹನ್ನೆರಡು ಸಾಲುಗಳಲ್ಲಿ ನಾನು ಮಾಡಿದ್ದ ತಪ್ಪು ಇಷ್ಟೇ: ಬಲಕ್ಕೆ ತಿರುಗಿಸಬೇಕಾದ ಅಂಕಿಗಳನ್ನು ಎಡಕ್ಕೆ ತಿರುಗಿಸಿದ್ದೆ. ನಿಯಮಗ್ರಂಥದಲ್ಲಿ ಬಲಕ್ಕೆ ಎಂದಿದ್ದುದನ್ನು ಓದಿದ್ದೆ, ತಲೆಯಾಡಿಸಿದ್ದೆ, ಅಡಿಗೆರೆಯನ್ನೂ ಎಳೆದಿದ್ದೆ. ಆಮೇಲೆ ಎಡಕ್ಕೆ ಬರೆದಿದ್ದೆ. ಇಡೀ ಮೆರವಣಿಗೆ ಅಪ್ರದಕ್ಷಿಣೆಯಾಗಿ ಸುತ್ತುತ್ತಿತ್ತು. ಕಳಿಸುವವಳು ಎಡಕ್ಕೆ ಸುತ್ತಿಸಿದ್ದನ್ನು ಕೇಳುವ ಪೆಟ್ಟಿಗೆಯೂ ಎಡಕ್ಕೆ ಸುತ್ತಿಸಿ, ಸೊನ್ನೆ ಕಂಡು, ಭೇಷ್ ಎನ್ನುತ್ತಿತ್ತು. ತಪ್ಪು ತನ್ನ ಅವಳಿಯನ್ನು ಸಾಕ್ಷಿಗೆ ಕರೆತಂದಿತ್ತು. ಹಾಗೆಯೇ ನಿಜವಾದ ವಿಮಾನಕ್ಕೆ ಜೋಡಿಸಿದ್ದರೆ ನಮ್ಮ ಪೆಟ್ಟಿಗೆ ಪ್ರತಿಯೊಂದು ನಿಜವಾದ ಆಜ್ಞೆಯನ್ನೂ ಸುಳ್ಳೆಂದು ತಿರಸ್ಕರಿಸುತ್ತಿತ್ತು. ಪೈಲಟ್ ಗುಂಡಿ ಒತ್ತೇ ಒತ್ತುತ್ತಿದ್ದ.

ಪರೀಕ್ಷೆಯ ದಿನ ಎಲ್ಲ ಸಂದೇಶಗಳೂ ಉತ್ತೀರ್ಣವಾದವು. ಪರದೆ ಮೇಲಿನಿಂದ ಕೆಳಗಿನವರೆಗೆ ಹಸಿರಾಯಿತು. ನಮ್ಮ ಮುಖ್ಯಸ್ಥರು ಶೆಟ್ಟಿ ಸರ್, ಇಲ್ಲಿ ಹೋಟೆಲು ನಡೆಸುತ್ತಿದ್ದ ಉಡುಪಿ ಕಡೆಯ ಮನೆತನದವರು. ಎಂಜಿನಿಯರಾದರೂ ಅವರ ಉಪಮೆಗಳೆಲ್ಲ ಅಡುಗೆಮನೆಯಿಂದಲೇ ಬರುತ್ತಿದ್ದವು. ಎಲ್ಲರಿಗೂ ಬಾಕರವಡಿ ತಿಂಡಿ ತರಿಸಿ, “ಬಿಸಿ ಇರುವಾಗಲೇ ಬಡಿಸಿಬಿಡುವ. ನಾಡಿದ್ದು ಪೆಟ್ಟಿಗೆ ಕಳಿಸ್ಲಿಕ್ಕೆ ಉಂಟು,” ಎಂದರು. ಕೋಣೆಯಲ್ಲಿ ಮುಖ ಹುಳ್ಳಗೆ ಮಾಡಿಕೊಂಡಿದ್ದವರು ಸಾಹೇಬರೊಬ್ಬರೇ.

“ಒಂದೂ ಬೀಳಲಿಲ್ಲೇನ್ರಿ?”

“ಒಂದೂ ಇಲ್ಲ ಮಾರಾಯ್ರೆ. ಸಂತೋಷಪಡಿ.”

“ಮೊದಲನೇ ಸರ್ತಿಗೇ ಎಲ್ಲಾ ಪಾಸಾಗ್ಯಾವಂದ್ರ ನನಗ ಹೊಟ್ಟಿ ಕಡೀತದ್ರಿ.”

“ಅದು ಬಾಕರವಡಿಗೆ ಇರಬಹುದು.”

ಸಾಹೇಬರು ನಗಲಿಲ್ಲ. ಚೌಕುಳಿ ಹಾಳೆಯ ವಹಿ ತೆಗೆದರು. ನಾನು ಕಳಿಸಿದ ಸಂದೇಶಗಳಲ್ಲಿ ಒಂದನ್ನು ಆರಿಸಿ, ಒಂದೊಂದು ಚೌಕದಲ್ಲಿ ಒಂದೊಂದು ಅಂಕಿಯಂತೆ ಬರೆದು, ಪೆನ್ಸಿಲಿನಿಂದ ಕೈಲೆಕ್ಕಕ್ಕೆ ಕುಳಿತರು. ಊಟದ ಡಬ್ಬಿ ಪಕ್ಕದಲ್ಲಿ ಹಾಗೆಯೇ ಇತ್ತು. ಎರಡು ವಿಮಾನಗಳು ತಲೆಯ ಮೇಲೆ ಹಾದುಹೋದವು. ಎರಡು ಸಲವೂ ಪೆನ್ಸಿಲು ನಿಂತು, ಮತ್ತೆ ಸಾಲಿನ ಆರಂಭದಿಂದ ಹೊರಟಿತು. ಮಧ್ಯಾಹ್ನ ಮೂರರ ಹೊತ್ತಿಗೆ ಅವರು ತಲೆಯೆತ್ತಿದರು. ಅವರ ಲೆಕ್ಕದಲ್ಲಿ ಸೊನ್ನೆ ಬಂದಿರಲಿಲ್ಲ.

ಶೆಟ್ಟಿ ಸರ್ ವಹಿಯನ್ನು ದೂರದಿಂದಲೇ ನೋಡಿದರು. “ಸಾಹೇಬ್ರೆ, ಅಷ್ಟು ಸಣ್ಣ ಚೌಕ, ನೂರಾರು ಅಂಕಿ. ಕಂಪ್ಯೂಟರ್ ಒಂದು ಹೇಳ್ತದೆ, ಪೆನ್ಸಿಲ್ ಒಂದು ಹೇಳ್ತದೆ. ನಾನು ಯಾರದ್ದು ನಂಬಲಿ?” ಆಮೇಲೆ ದನಿ ತಗ್ಗಿಸಿ, ಕೆಡುಕಿಲ್ಲದೆಯೇ ಹೇಳಿದರು: “ಮುಂದಿನ ವಾರ ನಿಮ್ಮ ಕರಾರು ನನ್ನ ಟೇಬಲಿಗೆ ಬರ್ತದೆ. ಮೇಲಿನವರು ಆಗಲೇ ವಯಸ್ಸಿನ ಮಾತು ತೆಗೀತಿದ್ದಾರೆ. ಹೀಗೆ ಒಂದು ತಪ್ಪು ಲೆಕ್ಕಕ್ಕೆ ಮಾಲು ನಿಲ್ಲಿಸಿದ್ರೆ ನಾನು ಏನಂತ ಬರೀಲಿ, ಹೇಳಿ?”

ಸಾಹೇಬರು ಕನ್ನಡಕ ತೆಗೆದು ಒರೆಸಿದರು. ಮತ್ತೆ ಹಾಕಿಕೊಂಡರು. ವಹಿಯನ್ನು ಎತ್ತಿಕೊಂಡು ನನ್ನ ಮೇಜಿಗೆ ಬಂದರು. ಅಷ್ಟು ಮೆಲ್ಲನೆಯ ದನಿಯಲ್ಲಿ ಅವರು ಮಾತಾಡಿದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ.

“ಯವ್ವಾ, ನೀ ಓದಿದಾಕಿ. ನೀನರ ನೋಡು. ನನ್ನ ಕಣ್ಣು ಹೋಗ್ಯಾವೇನು?”

ನೋಡಿದೆ. ಪ್ರತಿ ಸಾಲಿನ ತಲೆಯ ಮೇಲೂ ಅವರು ಒಂದು ಪುಟ್ಟ ಬಾಣ ಬರೆದಿದ್ದರು, ದಿಕ್ಕು ತಪ್ಪಬಾರದೆಂದು. ಎಲ್ಲ ಬಾಣಗಳೂ ಬಲಕ್ಕೆ ಮುಖ ಮಾಡಿದ್ದವು. ನನ್ನ ಹನ್ನೆರಡು ಸಾಲುಗಳನ್ನು ತೆರೆದು ಪಕ್ಕದಲ್ಲಿಟ್ಟುಕೊಂಡೆ. ಐದು ನಿಮಿಷವೂ ಬೇಕಾಗಲಿಲ್ಲ. ಅವರ ಕಣ್ಣು ಸರಿಯಾಗಿತ್ತು. ಪೆನ್ಸಿಲು ಸರಿಯಾಗಿತ್ತು. ತಪ್ಪಿದ್ದವಳು ನಾನು.

ಈಗ, ‘ಉತ್ತರ ಕೊಡಿ’ಯ ಸಂಪಾದಕಿ ಏನು ಮಾಡಿದಳೆಂದು ನೀವು ಊಹಿಸಿರಬಹುದು. ಎದ್ದು ನಿಂತು, ಮುಷ್ಟಿ ಬಿಗಿದು, ಸತ್ಯವನ್ನು ಸಾರಿದಳು ಎಂದು ಊಹಿಸಿದ್ದರೆ ನೀವು ಬಹಳ ಒಳ್ಳೆಯವರು. ನಾನು ಹೇಳಿದ್ದು ಇಷ್ಟು: “ನೋಡ್ತೀನಿ ಸರ್. ನಾಳೆ ಹೇಳ್ತೀನಿ.”

ಅವರು ಹೋದ ಮೇಲೆ ಪ್ರಾಜಕ್ತಾ ಕುರ್ಚಿ ಎಳೆದುಕೊಂಡು ಬಂದಳು. ನಮ್ಮಿಬ್ಬರ ನಡುವೆ ಚಲಾವಣೆಯಲ್ಲಿದ್ದ ಭಾಷೆ ಹಿಂದಿಯೂ ಅಲ್ಲದ ಮರಾಠಿಯೂ ಅಲ್ಲದ ಒಂದು ಭೇಳ್‌ಪುರಿ. ಅದರಲ್ಲಿ ಅವಳು ಹೇಳಿದ್ದರ ಸಾರಾಂಶ: ಇದಕ್ಕೇಕೆ ಅಳಬೇಕು? ಎರಡೂ ಬದಿಯಲ್ಲಿ ದಿಕ್ಕು ಬದಲಿಸು, ಪರೀಕ್ಷೆಯನ್ನು ಮತ್ತೊಮ್ಮೆ ಓಡಿಸು. ಪೆಟ್ಟಿಗೆ ಸರಿಹೋಗುತ್ತದೆ. ಯಾರಿಗೆ ಏನು ನಷ್ಟ?

ನಿಜ ಹೇಳುತ್ತೇನೆ, ಆ ವಾದ ನನಗೆ ಬಹಳ ಹಿಡಿಸಿತು. ಪೆಟ್ಟಿಗೆ ಸರಿಯಾದರೆ ದೇಶಕ್ಕೆ ಕ್ಷೇಮ. ಮರ್ಯಾದೆ ಉಳಿದರೆ ನಮಗೆ ಕ್ಷೇಮ. ಎಡವನ್ನು ಬಲ ಮಾಡಿದೆ, ಎರಡು ಕಡೆಯೂ. ಪರದೆ ಮತ್ತೆ ಹಸಿರಾಯಿತು. ಆ ಸಂಜೆ ಬಸ್ಸಿನಲ್ಲಿ ನಿಂತು ಮನೆಗೆ ಹೋಗುವಾಗ, ಹಿಂದೆ ನಮ್ಮ ತೊಟ್ಟಿಗೆ ಸಹಿ ಹಾಕಿದ ಆ ಸಮಿತಿ ಬಹುಶಃ ಹೀಗೆಯೇ ಹುಟ್ಟಿರಬೇಕು ಎನ್ನಿಸಿತು. ಇಬ್ಬರು ಗೆಳತಿಯರು, ಒಂದು ಮದುವೆ, ಒಂದಿಷ್ಟು ಜಿಲೇಬಿ. ಕೇಡಿಗರು ಯಾರೂ ಇಲ್ಲ. ಆದರೂ ನೀರಿನಲ್ಲಿ ಪಾರಿವಾಳ.

ಮರುದಿನ ಬೆಳಗ್ಗೆ ಸಭೆ. ಶೆಟ್ಟಿ ಸರ್ ಫಾರಮ್ಮನ್ನು ಸಾಹೇಬರ ಮುಂದೆ ಸರಿಸಿದರು. “ನಿನ್ನೆಯ ವಿಷಯ ಮುಗಿಸುವ. ಷರಾ ಅಂತ ಒಂದು ಜಾಗ ಉಂಟಲ್ಲ, ಅಲ್ಲಿ ಒಂದು ಸಾಲು ಬರೆದು ಸಹಿ ಹಾಕಿಬಿಡಿ.”

ಸಾಹೇಬರು ನನ್ನ ಕಡೆ ನೋಡಿದರು. ನಾನು ನೀರಿನ ಬಾಟಲಿಯ ಮುಚ್ಚಳದ ಕಡೆ ನೋಡಿದೆ. ಅವರು ಪೆನ್ನು ಬಿಚ್ಚಿ, ಬರೆಯುವುದನ್ನು ಜೋರಾಗಿ ಉಚ್ಚರಿಸುತ್ತ ಬರೆಯತೊಡಗಿದರು, ಎಂದಿನ ಅಭ್ಯಾಸದಂತೆ: “ಕೈಲೆಕ್ಕದಲ್ಲಿ ಕಂಡ ವ್ಯತ್ಯಾಸವು, ಪರೀಕ್ಷಕನ ದೃಷ್ಟಿದೋಷದಿಂದ...”

ಆಗ ಒಂದು ವಿಮಾನ ಎದ್ದಿತು. ಮಾಡು ನಡುಗಿತು. ಸಾಹೇಬರು ಬಾಯಿ ಮುಚ್ಚಿದರು, ಪೆನ್ನು ನಿಂತಿತು. ಸದ್ದು ಪೂರ್ತಿ ಅಡಗಿದ ಮೇಲೆ ಅವರು ಆ ವಾಕ್ಯವನ್ನು ಮೊದಲಿನಿಂದ ಹೇಳುತ್ತಾರೆ; ‘ದೃಷ್ಟಿದೋಷ’ ಎಂಬ ಪದವನ್ನು ನಾನು ಎರಡನೆಯ ಸಲ ಕೇಳಬೇಕಾಗುತ್ತದೆ. ಅದನ್ನು ನಾನು ತಾಳಲಾರೆನೆಂದು ಗೊತ್ತಾಯಿತು. ಸದ್ದು ಇನ್ನೂ ಇರುವಾಗಲೇ ಕಿರುಚಿದೆ:

“ಅವರ ಲೆಕ್ಕ ಸರಿ ಇದೆ! ನಂದು ತಪ್ಪು! ಎಡಕ್ಕೆ ತಿರುಗಿಸಿದ್ದೆ!”

ವಿಮಾನ ದಾಟಿಹೋಯಿತು. ಸಾಹೇಬರು ಶಾಂತವಾಗಿ ಹೇಳಿದರು: “ಗದ್ದಲದಾಗ ಹೇಳಿದ್ದು ಹೇಳಿದಂಗಲ್ಲ ತಂಗಿ. ಇನ್ನೊಮ್ಮೆ ಹೇಳು.”

ಇನ್ನೊಮ್ಮೆ ಹೇಳಿದೆ. ಮೊದಲಿನಿಂದ. ಕಳಿಸಿದ್ದು ನಾನು, ಸ್ವತಂತ್ರವೆಂದು ಸುಳ್ಳು ಸಹಿ ಹಾಕಿದ್ದು ನಾನು, ನಿನ್ನೆ ಗುಟ್ಟಾಗಿ ತಿದ್ದಿದ್ದೂ ನಾನು ಎಂದು. ಪ್ರಾಜಕ್ತಾ ಮುಖ ಕೆಂಪಗೆ ಮಾಡಿಕೊಂಡು, “ಮೀ ಪಣ್,” ನಾನೂ ಎಂದಳು. ಆ ಎರಡು ಪದಗಳಿಗಾಗಿ ಅವಳನ್ನು ನಾನು ಇಂದಿಗೂ ಗೌರವಿಸುತ್ತೇನೆ.

ಶೆಟ್ಟಿ ಸರ್ ಫಾರಮ್ಮನ್ನು ತಮ್ಮ ಕಡೆಗೆ ಎಳೆದುಕೊಂಡರು. ಬೈಯುತ್ತಾರೆಂದುಕೊಂಡೆ. ಬೈದರು ಕೂಡ, “ಎಂತ ಮಾಡಿದ್ದು ಮಾರಾಯ್ತಿ ನೀನು” ಎಂದು ಆರಂಭವಾದದ್ದು ಮುಗಿಯುವಷ್ಟರಲ್ಲಿ ಎರಡು ವಿಮಾನಗಳು ಹಾರಿದ್ದವು. ಕೊನೆಗೆ ಗ್ರಾಹಕರಿಗೆ ತಡವಾಗುತ್ತದೆಂದು ತಿಳಿಸಲು ಫೋನು ಎತ್ತಿಕೊಂಡವರು, ನಂಬರು ಒತ್ತುವ ಮೊದಲು ಸಾಹೇಬರ ಕಡೆ ತಿರುಗಿದರು. “ನಮ್ಮ ಅಪ್ಪ ಹೋಟೆಲಿನಲ್ಲಿ ಸಾಂಬಾರು ಮಾಡಿದವನಿಗೆ ಉಪ್ಪು ನೋಡ್ಲಿಕ್ಕೆ ಬಿಡ್ತಿರಲಿಲ್ಲ. ‘ಅವನ ನಾಲಿಗೆ ಅವನ ಕೈಯ ಪಕ್ಷ’ ಅಂತಿದ್ರು. ಗಲ್ಲಾದಲ್ಲಿ ಕೂತವರು ಬಂದು ನೋಡಬೇಕು. ನನಗೆ ಮರೆತೇಹೋಗಿತ್ತು ಸಾಹೇಬ್ರೆ.”

ಪೆಟ್ಟಿಗೆ ಹನ್ನೊಂದು ದಿನ ತಡವಾಗಿ ಹೋಯಿತು. ಪ್ರಾಜಕ್ತಾಳನ್ನು ನಿಯಮಗ್ರಂಥದೊಂದಿಗೆ ಬೇರೆ ಕೋಣೆಯಲ್ಲಿ ಕೂರಿಸಿ, ಆಕೆಯ ಬದಿಯನ್ನು ಹೊಸದಾಗಿ ಬರೆಸಿದರು. ನನಗೆ ಸಾಹೇಬರು ಚೌಕುಳಿ ವಹಿಯನ್ನು ಕೊಟ್ಟು, ಸಂದೇಶಗಳನ್ನು ಕೈಲೆಕ್ಕದಿಂದ ಪರೀಕ್ಷಿಸಲು ಹಚ್ಚಿದರು. ಎಂ.ಟೆಕ್. ಪದವೀಧರೆ ನಾಲಗೆ ಕಚ್ಚಿಕೊಂಡು ಬಾಣ ಬರೆಯುವುದನ್ನು ನೋಡಲು ಪಕ್ಕದ ವಿಭಾಗದವರೂ ಬಂದುಹೋದರು. ನನ್ನ ಹೆಸರಿನ ಮುಂದೆ ಒಂದು ಲಿಖಿತ ಎಚ್ಚರಿಕೆ ಬಿತ್ತು, ನ್ಯಾಯವಾಗಿಯೇ ಬಿತ್ತು. ಸಾಹೇಬರ ಕರಾರು ನವೀಕರಣವಾಯಿತು. ಮತ್ತೆರಡು ವರ್ಷ ಅವರು ಎಲ್ಲ ಹಸಿರು ಪರದೆಗಳ ಮುಂದೆ ಹೊಟ್ಟೆನೋವಿನ ಮುಖ ಹೊತ್ತು ನಿಂತರು.

ಒಂದು ಮಾತು ಮಾತ್ರ ನನ್ನನ್ನು ಕೊರೆಯುತ್ತಿತ್ತು. ವಹಿಯ ಲೆಕ್ಕದ ನಡುವೆ ಒಂದು ದಿನ ಕೇಳಿಯೇಬಿಟ್ಟೆ. “ನಿಮ್ಮ ಲೆಕ್ಕ ಸರಿ ಅಂತ ನಿಮಗೆ ಗೊತ್ತಿತ್ತಲ್ಲ ಸರ್? ಯಾಕೆ ದೃಷ್ಟಿದೋಷ ಅಂತ ಬರೆಯೋಕೆ ಹೋದ್ರಿ?”

“ಗೊತ್ತಿತ್ತು. ಮೂರು ಸರ್ತಿ ಮಾಡಿದ್ದೆ. ಮೂರೂ ಸರ್ತಿ ನಾನ ಮಾಡಿದ್ದೆ.” ಪೆನ್ಸಿಲನ್ನು ಕಿವಿಯ ಹಿಂದಿಟ್ಟುಕೊಂಡರು. “ನಾ ಸರಿ ಅಂತ ನನಗ ನಾನ ಹೇಳಿಕೊಂಡ್ರ ಅದು ಎರಡನೇ ಸಹಿ ಆಗ್ತದೇನವಾ? ಅದಕ್ಕ ನಿನ್ನ ಕಡೆ ಬಂದಿದ್ದೆ. ನೀ ‘ನಾಳೆ’ ಅಂದಿ.”

ಇದಕ್ಕಿಂತ ಗಟ್ಟಿಯಾದ ಆರೋಪಪತ್ರವನ್ನು ನಾನು ಯಾರ ಮೇಲೂ ಬರೆದಿಲ್ಲ.

ನಮ್ಮ ಸುತ್ತಲ ಬದುಕನ್ನು ನೋಡಿ. ಸೇತುವೆಗೆ ಎರಡು ಸಹಿಗಳಿವೆ, ಔಷಧಕ್ಕೆ ಎರಡಿವೆ, ಶಾಲೆಯ ಚಾವಣಿಗೂ ಎರಡಿವೆ. ಕಾಗದದ ಮೇಲೆ ಸಹಿಗಳಿಗೆ ಬರವಿಲ್ಲ. ಆ ಎರಡು ಸಹಿಗಳ ಹಿಂದೆ ಎರಡು ಜೊತೆ ಕಣ್ಣುಗಳಿವೆಯೇ ಎಂಬುದಷ್ಟೇ ಪ್ರಶ್ನೆ. ಈ ಪ್ರಶ್ನೆಯನ್ನು ನಾನು ಈಗಲೂ ಎಲ್ಲರನ್ನೂ ಕೇಳುತ್ತೇನೆ, ಪತ್ರಿಕೆಗಳಲ್ಲಿ ಕೇಳುತ್ತೇನೆ, ಹೆಸರು ಹಿಡಿದು ಕೇಳುತ್ತೇನೆ. ಕೋಪ ಒಂದಿಷ್ಟೂ ಕಡಿಮೆಯಾಗಿಲ್ಲ, ಆಗಬೇಕಾದ ಅಗತ್ಯವೂ ಕಾಣುವುದಿಲ್ಲ. ಕೇಳುವ ವಿಧಾನ ಮಾತ್ರ ಬದಲಾಗಿದೆ.

ಮೊನ್ನೆ ಆ ಅಂಗಡಿಯಲ್ಲಿ ಫೋನು ರಿಪೇರಿಯಾಗಿ ಜೀವ ಪಡೆದೊಡನೆ ಅದರಲ್ಲಿ ಕಾದಿದ್ದದ್ದು ಪ್ರಾಜಕ್ತಾಳ ಸಂದೇಶ. ಈ ವಾರ ನಾನೊಂದು ಕಾಲುಸೇತುವೆಯ ಬಗ್ಗೆ ಲೇಖನ ಬರೆದಿದ್ದೇನೆ. ಕಟ್ಟಿದ ಮರುವರ್ಷವೇ ಬಿರುಕು ಬಿಟ್ಟ ಸೇತುವೆ ಅದು. ಮಾಹಿತಿ ಹಕ್ಕಿನಲ್ಲಿ ಪಡೆದ ಕಡತದ ಆಧಾರದ ಮೇಲೆ, ನೋಡದೆ ಸಹಿ ಹಾಕಿದ ಮೂವರು ಎಂಜಿನಿಯರುಗಳ ಹೆಸರನ್ನು ಅದರಲ್ಲಿ ಬರೆದಿದ್ದೆ. ಲೇಖನವನ್ನು ಅವಳಿಗೆ ತೋರಿಸಿರಲಿಲ್ಲ. ಅಚ್ಚಿಗೆ ಕಳಿಸುವ ಮೊದಲು ಕಡತದ ಪ್ರತಿಯನ್ನಷ್ಟೇ ಕೊಟ್ಟು, ತಪ್ಪಿತಸ್ಥರು ಯಾರೆಂದು ನೀನೇ ಓದಿ ಹೇಳು ಎಂದಿದ್ದೆ. ಅವಳು ಎರಡೇ ಹೆಸರು ಕಳಿಸಿದ್ದಳು.

ಅಲ್ಲೇ, ಅಂಗಡಿಯ ಮುಂದೆ ನಿಂತು ಫೋನು ಮಾಡಿ ಜಗಳವಾಡಿದೆ. ಮೂರನೆಯವನ ಸಹಿ ಕಣ್ಣಿಗೆ ಹೊಡೆಯುವಂತಿದೆಯಲ್ಲ, ನಿನಗೆ ಕಾಣಿಸಲಿಲ್ಲವೇ ಎಂದೆ. ಅವಳು ನನ್ನ ಸಿಟ್ಟು ಆರುವವರೆಗೆ ಕಾದಳು. ಆಮೇಲೆ ಕೇಳಿದಳು:

“ಅಗಂ, ಆ ಹಾಳೆ ತಿರುವಿ ನೋಡಿದೆಯಾ?”

ಮನೆಗೆ ಹೋಗಿ ತಿರುವಿ ನೋಡಿದೆ. ಮುಂಬದಿಯಲ್ಲಿದ್ದ ಆತನ ಸಹಿ ಕಡತ ಕೈಗೆ ತಲುಪಿದ್ದಕ್ಕೆ ಹಾಕಿದ್ದು. ಹಿಂಬದಿಯಲ್ಲಿ, ಮರಾಠಿಯಲ್ಲಿ, ಅವಸರದ ಅಕ್ಷರಗಳಲ್ಲಿ ಆತ ಬರೆದಿದ್ದ: ಕಾಂಕ್ರೀಟಿನ ಪರೀಕ್ಷೆಯ ವರದಿ ನನಗೆ ತೋರಿಸಿಲ್ಲ, ನೋಡದೆ ನಾನು ಒಪ್ಪುವುದಿಲ್ಲ.

ಲೇಖನ ತೆಗೆದು, ಮೂರನೆಯ ಹೆಸರನ್ನು ಆರೋಪಗಳ ಸಾಲಿನಿಂದ ಹೊಡೆದುಹಾಕಿದೆ. ಉಳಿದೆರಡನ್ನು ದಪ್ಪ ಅಕ್ಷರದಲ್ಲಿ ಹಾಕಿದೆ.